ಮೂರು ಟೈಲ್ಸ್ ಬಿದ್ದ ಗೋಡೆ: ವಿಜಯಪುರದ ಒಂದು ಅಡುಗೆಮನೆಯ ಪ್ರಕರಣ

ಅಡುಗೆ ಕಟ್ಟೆಯ ಹಿಂದೆ ಎರಡು ಅಡಿ ಎತ್ತರಕ್ಕೆ ಟೈಲ್ಸ್ ಕೂರಿಸುವುದು ಸಣ್ಣ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಕೆಲಸ ಅನ್ನುವ ಕಾರಣಕ್ಕೇ ಹಿಂದಿನ ಗೋಡೆಯನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ವಿಜಯಪುರದ ಒಂದು ಮನೆಯಲ್ಲಿ ಹೀಗೇ ಆಯಿತು. ನಾನು ಮನೆ ದುರಸ್ತಿ ಕೆಲಸಗಳ ಉಸ್ತುವಾರಿ ನೋಡುವವನು. ಎರಡನೇ ಸಲದ ಕೆಲಸ ನನ್ನ ಕೈಗೆ ಬಂತು. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಮತ್ತು ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಗೋಡೆಯ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ.

ಹಿನ್ನೆಲೆ

ಮನೆ ಕಟ್ಟಿ ಇಪ್ಪತ್ತು ವರ್ಷದ ಮೇಲಾಗಿದೆ. ಇಟ್ಟಂಗಿ ಗೋಡೆ, ಸಿಮೆಂಟ್ ಗಿಲಾವು (ಪ್ಲಾಸ್ಟರ್), ಕೆಳಗೆ ಎರೆ ಮಣ್ಣು. ಈ ಮಣ್ಣಿನ ಗುಣ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಬಿಳಿಜೋಳಕ್ಕೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ, ಮನೆಯ ಪಾಯಕ್ಕೆ ಮಾತ್ರ ಇದು ಕಷ್ಟದ ನೆಲ.

ಅಡುಗೆಮನೆ ಎಲ್ ಆಕಾರದ್ದು. ಒಂದು ಬದಿ 10 ಅಡಿ, ಇನ್ನೊಂದು 5 ಅಡಿ. ಕಡಪಾ ಕಲ್ಲಿನ ಕಟ್ಟೆ. ಕಟ್ಟೆಯ ಮೇಲಿನ ಗೋಡೆಗೆ ಆಯಿಲ್ ಪೇಂಟ್ ಹೊಡೆದಿದ್ದರು, ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದೇ. ದಿನಾ ರೊಟ್ಟಿ ಬೇಯುವ ಮನೆ. ಹಂಚಿನ ಕಾವು, ಒಗ್ಗರಣೆಯ ಜಿಡ್ಡು, ಹಾರುವ ಹಿಟ್ಟು ಎಲ್ಲ ಸೇರಿ ಒಲೆಯ ಹಿಂದಿನ ಗೋಡೆ ಎಷ್ಟು ಒರೆಸಿದರೂ ಹೋಗದಷ್ಟು ಕಪ್ಪಾಗಿತ್ತು. ಸೊಸೆಗೆ ಟೈಲ್ಸ್ ಬೇಕಿತ್ತು. ಅತ್ತೆಗೆ ಮನೆ ತುಂಬ ಧೂಳು ಆಗಬಾರದಿತ್ತು. ಯಜಮಾನರಿಗೆ ಖರ್ಚು ಕೈ ಮೀರಬಾರದಿತ್ತು. ಮೂರೂ ನ್ಯಾಯವಾದ ಮಾತೇ.

ಅವರು ಆರಿಸಿದ್ದು 300×450 ಮಿ.ಮೀ. ಅಳತೆಯ ಹೊಳಪಿನ ಸೆರಾಮಿಕ್ ಟೈಲ್ಸ್, ಗುಜರಾತಿನ ಮೋರ್ಬಿಯ ಮಾಲು. ಅಡ್ಡಲಾಗಿ ಕೂರಿಸಿದರೆ ಎರಡು ಸಾಲಿಗೆ ಎರಡು ಅಡಿ ತುಂಬುತ್ತದೆ, ಕತ್ತರಿಸುವುದು ಕಮ್ಮಿ. ಉದ್ದದ ಬದಿಗೆ ಸಾಲಿಗೆ ಏಳು, ಗಿಡ್ಡ ಬದಿಗೆ ನಾಲ್ಕು, ಒಟ್ಟು 22. ಆರರ ಬಾಕ್ಸ್ ನಾಲ್ಕು ತಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಟೈಲ್ಸ್ ಕೂರಿಸುವ ಗೌಂಡಿಗೆ ಮನೆಯವರು ಮೊದಲೇ ಒಂದು ಮಾತು ಹೇಳಿದ್ದರು: ಗೋಡೆ ಒಡೆಯಬೇಡಿ. ಆತ ಪೇಂಟಿನ ಮೇಲೆ ಅಲ್ಲಲ್ಲಿ ಉಳಿಯಿಂದ ನಾಲ್ಕು ಕಚ್ಚು ಹಾಕಿ, ಟೈಲ್ಸಿನ ಬೆನ್ನಿಗೆ ಸಿಮೆಂಟ್ ಮುದ್ದೆ ಇಟ್ಟು ಒತ್ತಿ ಕೂರಿಸಿದ. ಜಾಯಿಂಟಿಗೆ ವೈಟ್ ಸಿಮೆಂಟ್ ತುಂಬಿದ. ದೀಪಾವಳಿ ಮುಗಿದ ಮೇಲೆ ನಡೆದ ಕೆಲಸ ಇದು. ನೋಡಲು ಚೆಂದವೇ ಇತ್ತು.

ಬಿದ್ದ ಮೇಲೆ ಕಂಡದ್ದು

ಮೇ ತಿಂಗಳಲ್ಲಿ ಒಲೆಯ ಹಿಂದಿನ ಮೂರು ಟೈಲ್ಸ್ ಒಟ್ಟಿಗೆ ಕಳಚಿ ಕಟ್ಟೆಯ ಮೇಲೆ ಬಿದ್ದವು. ಅದೃಷ್ಟಕ್ಕೆ ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಮನೆಯವರು ನನ್ನನ್ನು ಕರೆದದ್ದು ಆ ಮೂರನ್ನು ಮತ್ತೆ ಅಂಟಿಸಲು ಮಾತ್ರ.

ಬಿದ್ದ ಟೈಲ್ಸ್ ಒಂದನ್ನು ತಿರುವಿ ನೋಡಿದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಸಿಮೆಂಟ್ ಮುದ್ದೆಗಳು ಬೆನ್ನಿಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಉಗುರಿನಿಂದ ಕೆರೆದರೂ ಬರಲಿಲ್ಲ. ಆದರೆ ಪ್ರತಿ ಮುದ್ದೆಯ ಮುಖದ ಮೇಲೆ ತೆಳ್ಳನೆ ಹಸಿರು ಸಿಪ್ಪೆ ಅಂಟಿತ್ತು. ಅದು ಗೋಡೆಯ ಹಳೇ ಪೇಂಟ್. ಅಂದರೆ ಸಿಮೆಂಟ್ ತನ್ನ ಹಿಡಿತ ಬಿಟ್ಟಿರಲಿಲ್ಲ. ಪೇಂಟೇ ಗೋಡೆಯನ್ನು ಬಿಟ್ಟು ಬಂದಿತ್ತು. ಮುದ್ದೆಗಳ ನಡುವೆ ಖಾಲಿ ಜಾಗ ಇದ್ದದ್ದರಿಂದ ಇಡೀ ಭಾರ ಆ ಐದು ಚುಕ್ಕೆಗಳ ಮೇಲಿತ್ತು. ಒಲೆಯ ಕಾವಿಗೆ ಟೈಲ್ಸ್ ದಿನಾ ಹಿಗ್ಗಿ ಕುಗ್ಗಿದಾಗ ಜಿಡ್ಡು ಹಿಡಿದ ಪೇಂಟ್ ಎಷ್ಟು ದಿನ ತಡೆದೀತು?

ಉಳಿದ 19 ಟೈಲ್ಸನ್ನೂ ಒಂದು ರೂಪಾಯಿ ನಾಣ್ಯದಿಂದ ತಟ್ಟಿ ನೋಡಿದೆ. ನಡುವೆ ಒಮ್ಮೆ, ಮೂಲೆಗಳಲ್ಲಿ ಒಮ್ಮೊಮ್ಮೆ. ತುಂಬಿದ ಕಡೆ ಸದ್ದು ಗಿಡ್ಡ, ಗಟ್ಟಿ. ಟೊಳ್ಳಿದ್ದ ಕಡೆ ಡಬಡಬ. ಟೊಳ್ಳಿದ್ದವಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದೆ, 13 ಗುರುತಾಯಿತು. ಸಿಂಕಿನ ಹತ್ತಿರದ ಆರು ಮಾತ್ರ ಗಟ್ಟಿ ಸದ್ದು ಕೊಟ್ಟವು.

ಯಜಮಾನರು ಗುರುತುಗಳನ್ನು ನೋಡಿ ಸುಮ್ಮನೆ ನಿಂತರು. ಆಮೇಲೆ, ‘ಬಿದ್ದಾವು ಮೂರರಿ. ಉಳದದ್ದು ನಿಂತಾವಲ್ರಿ, ಇರ್ಲಿ ಬಿಡ್ರಿ’ ಅಂದರು. ಜೂನ್ ತಿಂಗಳಲ್ಲಿ ಮಗಳ ಕುಬುಸ (ಸೀಮಂತ) ಇತ್ತು. ಬೀಗರು ಬರುವವರಿದ್ದರು. ಅವರ ಆತುರ ನನಗೆ ಅರ್ಥವಾಯಿತು.

ನಾನು ಕೇಳಿದ್ದು ಒಂದೇ. ಗಟ್ಟಿ ಸದ್ದು ಕೊಟ್ಟ ಒಂದು ಟೈಲ್ಸ್ ಬಿಚ್ಚಿ ನೋಡೋಣ. ಅದರ ಹಿಂದೆ ಎಲ್ಲ ಸರಿ ಇದ್ದರೆ ಸಿಂಕಿನ ಬದಿಯನ್ನು ಹಾಗೇ ಬಿಡೋಣ. ಗಟ್ಟಿ ಇರುವುದನ್ನು ಯಾಕೆ ಬಿಚ್ಚಬೇಕು ಅಂತ ಅವರಿಗೆ ಅನುಮಾನ. ನನಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ಆ ಆರರ ಜಾಯಿಂಟುಗಳ ಉದ್ದಕ್ಕೂ ಬಿಳಿ ಪುಡಿ ಕೂತಿತ್ತು. ಸೊಸೆ ವಾರಕ್ಕೊಮ್ಮೆ ತಿಕ್ಕಿ ತೆಗೆಯುತ್ತಿದ್ದರಂತೆ, ಮತ್ತೆ ಬರುತ್ತಿತ್ತಂತೆ. ನಮ್ಮ ಬೋರ್ ನೀರಿನ ಸವುಳು ಅಂತ ಅವರು ತಿಳಿದಿದ್ದರು. ಆದರೆ ಹೊರಗೆ ಸಿಡಿದ ನೀರು ಒಣಗಿದರೆ ಕಲೆ ಟೈಲ್ಸಿನ ಮುಖದ ಮೇಲೆಲ್ಲ ಬೀಳಬೇಕು. ಜಾಯಿಂಟಿನಲ್ಲೇ ಸಾಲಾಗಿ ಬಂದಿದೆ ಅಂದರೆ ನೀರು ಒಳಗಿನಿಂದ ಬರುತ್ತಿದೆ ಅಂತ ಅರ್ಥ. ಗೋಡೆಯ ಒಳಗಿನ ತೇವ ಉಪ್ಪನ್ನು ಕರಗಿಸಿಕೊಂಡು ಜಾಯಿಂಟಿಗೆ ಬರುತ್ತದೆ, ಅಲ್ಲಿ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ.

ಒಂದನ್ನು ಬಿಚ್ಚಿದೆವು. ಹಿಂದಿನ ಗಿಲಾವು ಒದ್ದೆ. ಬೆರಳು ಒತ್ತಿದರೆ ಉಸುಕು ಉದುರುತ್ತಿತ್ತು. ಸದ್ದು ಗಟ್ಟಿ ಬಂದದ್ದು ಆ ಕಡೆ ಗೌಂಡಿ ಸಿಮೆಂಟ್ ಜಾಸ್ತಿ ತುಂಬಿದ್ದರಿಂದ ಅಷ್ಟೇ. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಮೂರು ಟೈಲ್ಸ್ ಅಂಟಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಒಂದೇ ಗೋಡೆ, ಮೂರು ತೊಂದರೆ

ಪ್ಲಂಬರ್ ಬಂದು ಅಡುಗೆಮನೆಯ ಲೈನಿಗೆ ಕೈಯಿಂದ ಒತ್ತುವ ಪ್ರೆಶರ್ ಪಂಪ್ ಹಚ್ಚಿದ. ಎಲ್ಲ ನಳ ಬಂದ್ ಇದ್ದರೂ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಇಳಿಯಿತು. ಗೋಡೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತಿರುವಿನ ಜೋಡಣೆ, ಎಲ್ಬೋ, ತುಕ್ಕು ಹಿಡಿದು ಜಿನುಗುತ್ತಿತ್ತು. ಹನಿ ಹೊರಗೆ ಕಾಣುವಷ್ಟು ದೊಡ್ಡದಲ್ಲ, ಗಿಲಾವನ್ನು ವರ್ಷವಿಡೀ ಒದ್ದೆ ಇಡಲು ಸಾಕು. ಆ ಭಾಗದ ಪೈಪ್ ತೆಗೆದು ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಹಾಕಿಸಿದೆವು. ಮತ್ತೆ ಪಂಪ್ ಹಚ್ಚಿ, ಮುಳ್ಳು ನಿಂತದ್ದನ್ನು ಯಜಮಾನರಿಗೆ ತೋರಿಸಿದ ಮೇಲೇ ಗೋಡೆ ಮುಚ್ಚಿದ್ದು. ಈ ಪರೀಕ್ಷೆ ಟೈಲ್ಸ್ ಕೂರಿಸುವ ಮೊದಲು ಪ್ರತಿ ಅಡುಗೆಮನೆಯಲ್ಲೂ ಆಗಬೇಕು. ಪ್ಲಂಬರ್‌ಗೆ ಅದು ದೊಡ್ಡ ಕೆಲಸವೇ ಅಲ್ಲ.

ಪೇಂಟಿನ ವಿಷಯದಲ್ಲಿ ಎರಡು ದಾರಿ ಇತ್ತು. ಪೇಂಟಿನ ಮೇಲೂ ಹಿಡಿಯುತ್ತದೆ ಅಂತ ಅಂಗಡಿಯಲ್ಲಿ ಒಂದು ಕೆಮಿಕಲ್, ಅಂದರೆ ಟೈಲ್ಸ್ ಅಂಟಿಸುವ ಪುಡಿ, ತೋರಿಸಿದ್ದರು. ಕೆಮಿಕಲ್ ಪೇಂಟನ್ನು ಹಿಡಿಯಬಹುದು. ಆದರೆ ಪೇಂಟ್ ಗೋಡೆಯನ್ನು ಹಿಡಿದಿದೆಯಾ ಅನ್ನುವುದು ನಮ್ಮ ಪ್ರಶ್ನೆ, ಅದಕ್ಕೆ ಉತ್ತರ ಆಗಲೇ ಕಟ್ಟೆಯ ಮೇಲೆ ಬಿದ್ದಿತ್ತು. ಹಾಗಾಗಿ ಎರಡು ಅಡಿ ಎತ್ತರದ ಪಟ್ಟಿಯನ್ನು ಪೂರ್ತಿ ಕೆತ್ತುವುದು ಅಂತ ತೀರ್ಮಾನವಾಯಿತು. ಒಲೆಯ ಕಡೆ ಪೇಂಟ್ ತೆಗೆದು ಗಿಲಾವಿಗೆ ದಟ್ಟವಾಗಿ ಕಚ್ಚು ಹಾಕಿದರೆ ಸಾಕಾಯಿತು, ಗಿಲಾವು ಗಟ್ಟಿ ಇತ್ತು. ಸಿಂಕಿನ ಕಡೆ ಇಟ್ಟಂಗಿಯವರೆಗೆ ಕೆತ್ತಬೇಕಾಯಿತು. ಅತ್ತೆಗೆ ಧೂಳಿನ ಚಿಂತೆ ಇದ್ದದ್ದರಿಂದ ಬಾಗಿಲಿಗೆ ಒದ್ದೆ ಸೀರೆ ಕಟ್ಟಿ, ಗೋಡೆಗೆ ನೀರು ಚಿಮುಕಿಸುತ್ತಾ ಕೆಲಸ ಮಾಡಿಸಿದೆವು. ಧೂಳು ಆಯಿತು, ಆದರೆ ನಡುಮನೆಗೆ ಹೋಗಲಿಲ್ಲ.

ಕೆತ್ತಿದ ಮೇಲೆ ಮೂರನೆಯದು ಕಂಡಿತು. ಕಿಟಕಿಯ ಕೆಳಗಿನ ಮೂಲೆಯಿಂದ ಕಟ್ಟೆಯವರೆಗೆ ಹೆಚ್ಚುಕಮ್ಮಿ ನೆಟ್ಟಗೆ ಇಳಿದ ಒಂದು ಬಿರುಕು. ಮೊದಲು ಅದರ ಮೇಲೇ ಟೈಲ್ಸ್ ಕೂರಿಸಿದ್ದರು. ಬಿರುಕು ಹಳೆಯದಾಗಿ ನಿಂತುಹೋಗಿದೆಯೋ, ಇನ್ನೂ ಅಲುಗಾಡುತ್ತಿದೆಯೋ? ಇದು ಗೊತ್ತಾಗದೆ ಮುಂದೆ ಹೋಗುವಂತಿರಲಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಚ್ಚಿ ಕೂರಿಸಿದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹಳೇ ಉಪಾಯ, ಇವತ್ತಿಗೂ ಇಷ್ಟು ಅಗ್ಗದ ಇನ್ನೊಂದು ಉಪಾಯ ನನಗೆ ಸಿಕ್ಕಿಲ್ಲ.

ಕಾಯುವ ತೀರ್ಮಾನ

ಒಂದಕ್ಕೆ ನಾಲ್ಕರ ಸಿಮೆಂಟ್–ಉಸುಕಿನ ಗಿಲಾವು ಹೊಡೆಸಿದೆವು. ಬೋರ್ ನೀರು ಬೇಡ ಅಂತ ನಾನು ಹಟ ಹಿಡಿದೆ. ಸವುಳು ನೀರಿನಲ್ಲಿ ಕಲಸಿದರೆ ಉಪ್ಪನ್ನು ನಾವೇ ಗೋಡೆಗೆ ಹಾಕಿದಂತೆ. ನಳಕ್ಕೆ ಬರುವ ಕೃಷ್ಣಾ ನೀರನ್ನು ಬ್ಯಾರಲ್‌ನಲ್ಲಿ ಹಿಡಿದಿಟ್ಟು ಕಲಸಲು, ಕ್ಯೂರಿಂಗ್ ಮಾಡಲು ಅದನ್ನೇ ಬಳಸಿದೆವು.

ಏಳು ದಿನ ನೀರು ಹೊಡೆದು, ಆಮೇಲೆ ಗೋಡೆ ಆರಲು ಬಿಡಬೇಕಿತ್ತು. ಇಲ್ಲಿ ಮನೆಯಲ್ಲಿ ಜಗಳವೇ ಆಯಿತು. ಕ್ಯೂರಿಂಗ್ ಮುಗಿಯುವಷ್ಟರಲ್ಲಿ ಕುಬುಸ ಹತ್ತಿರ ಬಂದಿತ್ತು. ಈ ಸಲದ ಗೌಂಡಿಯೂ ತಯಾರಿದ್ದ. ‘ಸರ್ರ, ನಾಳೆನ ಹಚ್ಚಿ ಬಿಡ್ತೀನ್ರಿ, ಒಳಗ ತಾನ ಆರತೈತಿ’ ಅಂದ. ಆದರೆ ಹೊಸ ಗಿಲಾವು ಆರುತ್ತಾ ಕುಗ್ಗುತ್ತದೆ. ಅದು ಕುಗ್ಗುವಾಗ ಮೇಲೆ ಟೈಲ್ಸ್ ಇದ್ದರೆ ನಡುವಿನ ಹಿಡಿತದ ಮೇಲೆ ಒತ್ತಡ ಬೀಳುತ್ತದೆ. ಒಳಗಿನ ತೇವ ಉಪ್ಪು ಹೊತ್ತು ಮತ್ತೆ ಜಾಯಿಂಟಿಗೇ ಬರುತ್ತದೆ. ಎರಡು ಮೂರು ವಾರ ಬಿಡಲೇಬೇಕು ಅಂತ ಹೇಳಿದೆ.

ಕೊನೆಗೆ ಮಾತು ಮುಗಿಸಿದ್ದು ಅತ್ತೆ. ಬೀಗರು ಬರುವುದು ಮಗಳನ್ನು ನೋಡಲು, ಗೋಡೆ ನೋಡಲು ಅಲ್ಲ ಅಂದರು. ಬೂದು ಬಣ್ಣದ ಬರಿ ಗಿಲಾವಿನ ಮುಂದೆಯೇ ಹೋಳಿಗೆ ಬೆಂದವು, ಕುಬುಸ ಚೆನ್ನಾಗಿ ಆಯಿತು. ಇಂಥ ಕೆಲಸಗಳಲ್ಲಿ ತಂತ್ರಕ್ಕಿಂತ ಹೆಚ್ಚಾಗಿ ಇಂಥ ಒಂದು ಮಾತು ಕೆಲಸ ಉಳಿಸುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಮನೆಯ ಹಿರಿಯರು ಒಪ್ಪದೆ ಯಾವ ಉಸ್ತುವಾರಿಯೂ ನಡೆಯುವುದಿಲ್ಲ.

ಆ ಕಾಯುವಿಕೆ ಇನ್ನೊಂದು ಲಾಭವನ್ನೂ ತಂದಿತು. ಮೊದಲ ದೊಡ್ಡ ಮಳೆಗಳು ಬಿದ್ದ ಮೇಲೆ ಗಾಜಿನ ಪಟ್ಟಿ ನಡುವೆ ಸೀಳಿತ್ತು. ಗೋಡೆ ಇನ್ನೂ ಅಲುಗಾಡುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆವು. ಸಿಂಕಿನ ನೀರನ್ನು ನೇರವಾಗಿ ಗೋಡೆಯ ಬುಡದ ಕರಿಬೇವು, ಬಾಳೆಗೆ ಬಿಟ್ಟಿದ್ದರು. ಬೇಸಿಗೆಯಲ್ಲಿ ಸುತ್ತಲಿನ ಎರೆ ಒಣಗಿ ಕುಗ್ಗಿದಾಗ ಈ ಒಂದು ಮೂಲೆ ಮಾತ್ರ ನೀರು ಕುಡಿದು ಉಬ್ಬಿಕೊಂಡೇ ಇರುತ್ತಿತ್ತು. ಮಳೆ ಬಂದಾಗ ಉಳಿದ ಕಡೆ ಉಬ್ಬುತ್ತಿತ್ತು. ಪಾಯದ ಒಂದು ಮೂಲೆ ಒಂದು ರೀತಿ, ಉಳಿದದ್ದು ಇನ್ನೊಂದು ರೀತಿ ಏರಿಳಿದರೆ ಗೋಡೆ ಅಬಲವಾದ ಕಡೆ, ಅಂದರೆ ಕಿಟಕಿಯ ಮೂಲೆಯಲ್ಲಿ, ಬಿರಿಯುತ್ತದೆ. ಪೈಪನ್ನು ಮುಂದೆ ಒಯ್ದು ಕಾಂಪೌಂಡಿನ ಹತ್ತಿರ ಬಿಟ್ಟೆವು. ಬಾಳೆಯನ್ನೂ ಅಲ್ಲಿಗೇ ನೆಟ್ಟರು. ಗೋಡೆಯ ಬುಡಕ್ಕೆ ಹೊರಗೆ ಇಳಿಜಾರಾಗಿ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿದೆವು. ಕರಿಬೇವನ್ನು ಕೀಳಲು ಅತ್ತೆ ಒಪ್ಪಲಿಲ್ಲ, ಅದು ಇದ್ದಲ್ಲೇ ಇದೆ.

ಬಿರುಕನ್ನು ಅಗಲಿಸಿ, ಪಾಲಿಮರ್ ಕಲಸಿದ ಗಾರೆ ತುಂಬಿ, ಮೇಲೆ ಫೈಬರ್ ಜಾಳಿಗೆ ಹಚ್ಚಿದೆವು. ಅದರ ಮೇಲೂ ನಂಬಿಕೆ ಇಡಲಿಲ್ಲ. ಟೈಲ್ಸಿನ ಸಾಲನ್ನು ಆ ಬಿರುಕಿನಿಂದಲೇ ಎರಡೂ ಕಡೆಗೆ ಶುರು ಮಾಡಿದೆವು. ಹೀಗೆ ಮಾಡಿದ್ದರಿಂದ ಒಂದು ಉದ್ದನೆ ಜಾಯಿಂಟ್ ಸರಿಯಾಗಿ ಅಲ್ಲಿ ಬಂತು. ಆ ಒಂದು ಜಾಯಿಂಟಿಗೆ ಗಟ್ಟಿಯಾಗುವ ಗ್ರೌಟ್ (ಜಾಯಿಂಟ್ ತುಂಬುವ ಪದಾರ್ಥ) ಬದಲು ರಬ್ಬರಿನಂತೆ ಹಿಗ್ಗುವ ಸಿಲಿಕಾನ್. ಗೋಡೆ ಅಲುಗಾಡಿದರೆ ಸಿಲಿಕಾನ್ ಎಳೆದುಕೊಳ್ಳಲಿ, ಟೈಲ್ಸ್ ಸೀಳುವುದು ಬೇಡ. ಇದರಿಂದ ಎರಡೂ ತುದಿಗೆ ಕತ್ತರಿಸಿದ ತುಂಡು ಬಂದವು. ಸೊಸೆಗೆ ಅದು ಇಷ್ಟವಾಗಲಿಲ್ಲ. ಕಾರಣ ಹೇಳಿದ ಮೇಲೆ ಒಪ್ಪಿದರು.

ಕೂರಿಸಿದ ಬಗೆ

ಹಳೇ ಟೈಲ್ಸ್ ಬಿಚ್ಚುವಾಗ ಬಹಳಷ್ಟು ಒಡೆದಿದ್ದವು. ಹೊಸದಾಗಿ ತಂದೆವು. ಈ ಸಲ ಪ್ರತಿ ಬಾಕ್ಸಿನ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿದೆವು. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಒಂದು ಎಳೆ ಫರಕು ಬರುತ್ತದೆ, ಗೋಡೆಗೆ ಹತ್ತಿದ ಮೇಲೆ ಅದು ಎದ್ದು ಕಾಣುತ್ತದೆ.

ಅಂಟಿಗೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನದಂಡ) ಅಂತ ಚೀಲದ ಮೇಲೆ ಮುದ್ರಿಸಿರುವ ಕೆಮಿಕಲ್ ತಂದೆವು. 30 ಚದರ ಅಡಿಗೆ 20 ಕೆಜಿಯ ಒಂದು ಚೀಲ ಸಾಕಾಯಿತು. ಬೆಳಿಗ್ಗೆ ಬಂದು ನೋಡಿದರೆ ಗೌಂಡಿ ಟೈಲ್ಸನ್ನೆಲ್ಲ ಬಕೆಟ್ಟಿನಲ್ಲಿ ನೆನೆ ಹಾಕಲು ಹೊರಟಿದ್ದ. ಸಿಮೆಂಟಿನಲ್ಲಿ ಕೂರಿಸುವಾಗ ಅದು ಸರಿ. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ಸಿನ ಬೆನ್ನು ನೀರು ಹೀರುತ್ತದೆ. ನೆನೆಸದಿದ್ದರೆ ಅದು ಸಿಮೆಂಟಿನ ನೀರನ್ನು ಕುಡಿದುಬಿಡುತ್ತದೆ. ಕೆಮಿಕಲ್‌ಗೆ ಹಾಗಲ್ಲ. ನೀರು ಹಿಡಿದಿಡುವ ಗುಣ ಅದರಲ್ಲೇ ಇರುತ್ತದೆ. ಒದ್ದೆ ಬೆನ್ನಿಗೆ ಅದು ಸರಿಯಾಗಿ ಕಚ್ಚುವುದಿಲ್ಲ. ಬೆನ್ನಿನ ಧೂಳನ್ನು ಹಿಂಡಿದ ಬಟ್ಟೆಯಿಂದ ಒರೆಸಿದರೆ ಆಯಿತು. ಇಪ್ಪತ್ತು ವರ್ಷ ಸಿಮೆಂಟಿನಲ್ಲಿ ಪಳಗಿದ ಕೈ ಅದು. ಹೇಳಿದ ತಕ್ಷಣ ಬಕೆಟ್ ಬದಿಗಿಟ್ಟ.

ಕೆಮಿಕಲ್ ಕಲಸುವಾಗ ನೀರಿಗೆ ಪುಡಿ ಹಾಕಬೇಕು. ಕಲಸಿ, ಐದು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಗಟ್ಟಿಯಾಗುತ್ತಾ ಬಂತು ಅಂತ ಮಧ್ಯೆ ನೀರು ಹಾಕಬಾರದು. ಹಲ್ಲು ಕರಣಿಯಿಂದ ಗೋಡೆಗೆ ಗೆರೆ ಎಳೆದು ಟೈಲ್ಸ್ ಒತ್ತಿ, ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಸರಿಸಿದರೆ ಗೆರೆ ಮುರಿದು ತುಂಬಿಕೊಳ್ಳುತ್ತವೆ. ಮೊದಲನೆಯದನ್ನು ಕೂರಿಸಿದ ತಕ್ಷಣ ಕಿತ್ತು ನೋಡಿದೆವು. ಬೆನ್ನಿನ ನಡುಭಾಗದಲ್ಲಿ ಗೆರೆಗಳು ಹಾಗೇ ನಿಂತಿದ್ದವು, ಮೂಲೆಯೊಂದು ಪೂರಾ ಖಾಲಿ. ಟೈಲ್ಸ್ ಸ್ವಲ್ಪ ಬಾಗಿದೆ ಅಂತ ಆಗ ಗೊತ್ತಾಯಿತು. ಅಲ್ಲಿಂದ ಮುಂದೆ ಪ್ರತಿಯೊಂದರ ಬೆನ್ನಿಗೂ ತೆಳ್ಳಗೆ ಒಂದು ಕೈ ಸವರಿ ಕೂರಿಸಿದೆವು. ಎರಡನೆಯದನ್ನು ಕಿತ್ತಾಗ ಅಂಚಿನಿಂದ ಅಂಚಿಗೆ ತುಂಬಿತ್ತು. ವಿಜಯಪುರದ ಒಣ ಹವೆಯಲ್ಲಿ ಗೋಡೆಗೆ ಬಳಿದ ಕೆಮಿಕಲ್ ಬೇಗ ಕೆನೆ ಕಟ್ಟುತ್ತದೆ. ಬೆರಳಿಗೆ ಅಂಟದಿದ್ದರೆ ಅದನ್ನು ಕೆರೆದು ತೆಗೆದು ಹೊಸದು ಬಳಿಯಬೇಕು. ಒಮ್ಮೆಗೆ ಎರಡು ಟೈಲ್ಸಿಗೆ ಸಾಕಾಗುವಷ್ಟೇ ಬಳಿಸಿದೆ.

ಕಟ್ಟೆ ಸಿಂಕಿನ ಕಡೆಗೆ ಇಳಿಜಾರು. ಲೆವಲ್ ಪೈಪ್ ಹಿಡಿದರೆ 8 ಮಿ.ಮೀ. ಫರಕು. ಕಟ್ಟೆಯ ಮೇಲೆಯೇ ಸಾಲು ಶುರು ಮಾಡಿದರೆ ಮೇಲಿನ ಗೆರೆಯೂ ಸೊಟ್ಟ. ನಡುವಿನ ಮತ್ತು ಮೇಲಿನ ಗೆರೆ ನೇರ ಇಟ್ಟು, ಕೆಳಸಾಲಿನ ಬುಡವನ್ನು ಕಟ್ಟೆಗೆ ತಕ್ಕಂತೆ ಕತ್ತರಿಸಿದೆವು. ಕಣ್ಣು ಹೋಗುವುದು ಮೇಲಿನ ಗೆರೆಗೆ. ಕಟ್ಟೆ ಮತ್ತು ಟೈಲ್ಸಿನ ನಡುವೆ 3 ಮಿ.ಮೀ. ಬಿಟ್ಟು ಅಲ್ಲಿಯೂ ಸಿಲಿಕಾನ್ ತುಂಬಿದೆವು. ಮೊದಲ ಸಲ ಅಲ್ಲಿ ವೈಟ್ ಸಿಮೆಂಟ್ ಇತ್ತು. ಅದು ಬಿರಿದು, ಪಾತ್ರೆ ತೊಳೆದ ನೀರು ಹಿಂದೆ ಇಳಿಯುತ್ತಿತ್ತು.

ಮಿಕ್ಸರ್ ಪ್ಲಗ್ಗಿನ ಬಾಕ್ಸಿಗೆ ಟೈಲ್ಸ್ ಕತ್ತರಿಸುವಾಗ ಎಂಸಿಬಿ ಇಳಿಸಿ ಕರೆಂಟ್ ಬಂದ್ ಮಾಡಿದ್ದೆವು. ಟೈಲ್ಸಿನ ದಪ್ಪದಿಂದ ಬಾಕ್ಸ್ ಒಳಗೆ ಹೋಗುತ್ತದೆ, ಉದ್ದನೆ ಸ್ಕ್ರೂ ಮೊದಲೇ ತಂದಿಟ್ಟುಕೊಳ್ಳಬೇಕು.

ಒಂದು ದಿನ ಬಿಟ್ಟು ಗ್ರೌಟ್. ಅರಿಶಿನ, ಎಣ್ಣೆ ಬೀಳುವ ಜಾಗ ಅಂತ ಕಲೆ ಹಿಡಿಯದ ಎಪಾಕ್ಸಿ ಗ್ರೌಟ್ ಆರಿಸಿದೆವು, ತಿಳಿ ಬೂದು ಬಣ್ಣ. 2 ಮಿ.ಮೀ. ಜಾಯಿಂಟಿಗೆ ಒಂದು ಕೆಜಿಯ ಪ್ಯಾಕಿನಲ್ಲಿ ಅರ್ಧವೂ ಹಿಡಿಯಲಿಲ್ಲ. ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ತುಂಬಿದ ಹಿಂದೆಯೇ ಒದ್ದೆ ಸ್ಪಂಜಿನಿಂದ ಒರೆಸುತ್ತಾ ಹೋದರೆ ಮಾತ್ರ ಟೈಲ್ಸಿನ ಮೇಲೆ ಪೊರೆ ಉಳಿಯುವುದಿಲ್ಲ.

ಆದದ್ದು, ಅದರಿಂದ ತಿಳಿದದ್ದು

ಒಂದು ಪೂರ್ತಿ ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಹೋಗಿ ಅದೇ ರೀತಿ ನಾಣ್ಯದಿಂದ ತಟ್ಟಿದೆ. ಎಲ್ಲ ಗಟ್ಟಿ. ಬಿಳಿ ಪುಡಿ ಬಂದಿಲ್ಲ. ಬಿರುಕಿನ ಮೇಲಿನ ಸಿಲಿಕಾನ್ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬಿಟ್ಟಿತ್ತು. ಕತ್ತರಿಸಿ ಹೊಸದು ತುಂಬಿದೆವು. ಎರಡೂ ಬದಿಯ ಟೈಲ್ಸಿಗೆ ಏನೂ ಆಗಿರಲಿಲ್ಲ. ಗೋಡೆ ಅಲುಗಾಡುವುದು ಪೂರ್ತಿ ನಿಂತಿದೆ ಅಂತ ನಾನು ಹೇಳಲಾರೆ. ಎರೆಯ ಮೇಲಿನ ಹಳೇ ಮನೆಗೆ ಅಂಥ ಭರವಸೆ ಕೊಡಬಾರದು.

ಖರ್ಚಿನಲ್ಲಿ ಟೈಲ್ಸಿನ ಪಾಲು ಸಣ್ಣದಾಯಿತು. ಕೆತ್ತುವುದು, ಪೈಪ್, ಗಿಲಾವು, ಹಿತ್ತಲಿನ ಕಾಂಕ್ರೀಟ್ ಇವೇ ಜಾಸ್ತಿ. ಮೊದಲೇ ಇದನ್ನೆಲ್ಲ ಮಾಡಿದ್ದರೆ ಒಂದು ಸಲದ ಟೈಲ್ಸ್ ಮತ್ತು ಕೂಲಿ ಉಳಿಯುತ್ತಿತ್ತು. ಹಾಗಂತ ಮೊದಲ ಗೌಂಡಿಯನ್ನು ನಾನು ದೂರುವುದಿಲ್ಲ. ಗೋಡೆ ಒಡೆಯಬೇಡ ಅಂತ ಹೇಳಿ, ಟೈಲ್ಸ್ ನಿಲ್ಲಲಿ ಅಂತಲೂ ಹೇಳಿದರೆ ಆತ ಏನು ಮಾಡಬೇಕು? ಅಂಥ ಹೊತ್ತಿನಲ್ಲಿ ಆಗಲ್ಲ ಅನ್ನುವ ಧೈರ್ಯ ಕೂಲಿ ಮಾಡುವವನಿಗಿಂತ ಮೊದಲು ಉಸ್ತುವಾರಿ ನೋಡುವವನಿಗೆ ಇರಬೇಕು.

ಈ ಮನೆಯ ನಂತರ ನನ್ನ ಕೆಲಸದ ಕ್ರಮ ಬದಲಾಗಿದೆ. ಅಡುಗೆಮನೆಗೆ ಟೈಲ್ಸ್ ಅಂತ ಯಾರಾದರೂ ಕರೆದರೆ ಮೊದಲು ಹಿತ್ತಲಿಗೆ ಹೋಗಿ ಸಿಂಕಿನ ನೀರು ಎಲ್ಲಿ ಬೀಳುತ್ತದೆ ಅಂತ ನೋಡುತ್ತೇನೆ. ಆಮೇಲೆ ಒಂದು ಮೊಳೆಯಿಂದ ಗಿಲಾವನ್ನು ಗೀರುತ್ತೇನೆ. ಸುಲಭವಾಗಿ ಉಸುಕು ಉದುರಿದರೆ ಟೈಲ್ಸಿನ ಮಾತೇ ಬೇಡ. ಪೇಂಟ್ ಇದ್ದರೆ ಕೆತ್ತುವುದನ್ನು ಅಂದಾಜು ಪಟ್ಟಿಯಲ್ಲೇ ಬರೆಯುತ್ತೇನೆ. ಅಷ್ಟು ಖರ್ಚು ಬೇಡ ಅನ್ನುವವರಿಗೆ ಒಳ್ಳೆಯ ತೊಳೆಯುವ ಪೇಂಟ್ ಹೊಡೆಸಿ ಇನ್ನೊಂದು ವರ್ಷ ಕಾಯಿರಿ ಅನ್ನುತ್ತೇನೆ. ಒಲೆಯ ಮೇಲೆ ಬೀಳಬಹುದಾದ ಟೈಲ್ಸಿಗಿಂತ ಜಿಡ್ಡು ಹಿಡಿದ ಪೇಂಟ್ ಎಷ್ಟೋ ವಾಸಿ.

ಆ ಮನೆಯಲ್ಲಿ ಉಳಿದ ಟೈಲ್ಸನ್ನು ಬ್ಯಾಚ್ ನಂಬರ್ ಇರುವ ಬಾಕ್ಸಿನ ಚೀಟಿಯ ಜೊತೆ ಅಟ್ಟದ ಮೇಲೆ ಇಡಿಸಿದ್ದೇನೆ. ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನುವ ಫೋಟೋ, ಗೋಡೆ ಮುಚ್ಚುವ ಮೊದಲು ತೆಗೆದದ್ದು, ಸೊಸೆಯ ಮೊಬೈಲಿನಲ್ಲಿದೆ.